ಕದ್ದು ಕೇಳಿದ ಮಾತು

ಮಾ ಕ್ಲೆಮಾನ್ಸ್ ತನ್ನ ಮಗಳೊಬ್ಬಳನ್ನು ಬಿಟ್ಟು ಊರಿನ ಎಲ್ಲರ ಜೊತೆಗೂ ಬಾಯಿ ತುಂಬ ಮಾತಾಡುತ್ತಿದ್ದಳು. ಹಾಗಂತ ತಾಯಿಗೂ ಮಗಳಿಗೂ ಜಗಳವೇನಿರಲಿಲ್ಲ. ಆ ಮನೆಯ ಪದ್ಧತಿಯೇ ಹಾಗೆ ಬೆಳೆದುಬಂದಿತ್ತು.

ಆ ಶುಕ್ರವಾರ ಮಧ್ಯಾಹ್ನ ಇಸ್ಮೆಲ್ಡಾ ವ್ಯಾನಿನಿಂದಿಳಿದು ಆನ್ಸ್ ಮಾರ್ತಾ ಊರಿನ ಏರು ಹಾದಿ ಹತ್ತುತ್ತಿದ್ದಾಗ ತಾಯಿಯ ದನಿ ತಿರುವಿನವರೆಗೂ ಕೇಳಿಸಿತು. ಪಕ್ಕದ ಮನೆಯ ಮೀನುಗಾರ ನೆಸ್ಟೋರನ ಕೋಳಿ ಇವಳ ಪಾತಿಗೆ ನುಗ್ಗಿತ್ತು.

"ಏ ನೆಸ್ಟೋರ್, ನಿನ್ನ ಕೋಳಿಗೂ ನಿನ್ನ ಬುದ್ಧೀನೇ ಬಂದಿದೆ ನೋಡು! ಮನೇಲಿ ಕಾಳಿದ್ರೂ ಪರರ ಅಂಗಳವೇ ರುಚಿ. ಇನ್ನೊಂದ್ಸಲ ಬಂದ್ರೆ ಭಾನುವಾರ ಸಾರು ಮಾಡ್ತೀನಿ, ಮೂಳೆ ನಿಂಗೆ ಕಳಿಸ್ತೀನಿ!"

"ಮಾಡು ಮಾ ಕ್ಲೆಮಾನ್ಸ್, ಮಾಡು. ಮೆಣಸಿನಕಾಯಿ ಹಾಕ್ಬೇಡ, ಒಂದ್ಸಲ ಬಗ್ಗಿ ಬೈದ್ಬಿಡು, ಸಾರಿಗೆ ಖಾರ ತಾನಾಗೇ ಹತ್ತುತ್ತೆ!"

ಗೇಟಿನ ಚಿಲಕ ಸದ್ದು ಮಾಡಿತು. ಹಿತ್ತಿಲಿನ ಮಾತು ನಿಂತುಹೋಯಿತು. ಮಾ ಕ್ಲೆಮಾನ್ಸ್ ಕೈ ಒರೆಸಿಕೊಂಡು, ತಲೆವಸ್ತ್ರ ಸರಿಪಡಿಸಿಕೊಂಡು, ಮುಂದಿನ ಕೋಣೆಗೆ ಬಂದು ನಿಂತಳು. ಹಳ್ಳದಲ್ಲಿ ಕಲ್ಲಿನಿಂದ ಕಲ್ಲಿಗೆ ಕಾಲಿಡುವವಳ ಹಾಗೆ ಒಂದೊಂದೇ ಶಬ್ದ ನೋಡಿಕೊಂಡು ಇಂಗ್ಲಿಷಿನಲ್ಲಿ ಹೇಳಿದಳು:

"ಬಂದೆಯಾ, ಇಸ್ಮೆಲ್ಡಾ. ಪ್ರಯಾಣ ಸುಖಕರವಾಗಿತ್ತೇ. ಕುಳಿತುಕೊಳ್ಳುವುದು."

"ಸುಖವಾಗಿತ್ತು ಮಮ್ಮಿ."

ಅಷ್ಟಕ್ಕೆ ಮಾತು ಮುಗಿಯಿತು. ತಾಯಿ ಮೇಜಿಗೆ ಒಳ್ಳೆಯ ಬಟ್ಟೆ ಹಾಸಿ, ಉಪ್ಪುಮೀನು, ಬೇಯಿಸಿದ ಬಾಳೆಕಾಯಿ ಬಡಿಸಿ, ಎದುರಿಗೆ ಕೂತು ಮಗಳು ಉಣ್ಣುವುದನ್ನೇ ನೋಡಿದಳು. ಐವತ್ತು ದಾಟಿದ ಮಗಳು ಇವತ್ತಿಗೂ ತಟ್ಟೆಯ ಸದ್ದು ಕೇಳುತ್ತ ಉಣ್ಣುತ್ತಿದ್ದಳು.

ಊರವರು ಪತ್ವಾ ಅನ್ನುವ, ಇಸ್ಮೆಲ್ಡಾ ತನ್ನ ಪುಸ್ತಕಗಳಲ್ಲಿ ಕ್ವೆಯೋಲ್ ಎಂದು ಬರೆದ ಆ ಮಾತು ದ್ವೀಪದ ತುಂಬ ಇತ್ತು. ಸಂತೆಯಲ್ಲಿ, ದೋಣಿಯಲ್ಲಿ, ಬಾಳೆತೋಟದಲ್ಲಿ, ಸಾವಿನ ಮನೆಯಲ್ಲಿ, ಎಲ್ಲೆಲ್ಲೂ ಅದೇ. ಆದರೆ ಮಕ್ಕಳು ದೊಡ್ಡವರಿಗೆ ಆ ಮಾತಿನಲ್ಲಿ ಉತ್ತರಿಸಿದರೆ ಅಹಂಕಾರವೆಂದು ಕೆನ್ನೆಗೆ ಬೀಳುತ್ತಿತ್ತು. ದೊಡ್ಡವರು ಮಾತ್ರ ಮಕ್ಕಳನ್ನು ಕರೆಯುವುದು, ಗದರುವುದು, ಮುದ್ದಿಸುವುದು ಎಲ್ಲ ಅದರಲ್ಲೇ. ಮಾ ಕ್ಲೆಮಾನ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಳು. ಮಗಳ ಕಡೆಗೆ ಅದರ ಒಂದು ಶಬ್ದವನ್ನೂ ಬಿಡಲಿಲ್ಲ. ಬೇರೆ ಮನೆಗಳಲ್ಲಿ ಬೈಗುಳವಾದರೂ ಸಿಗುತ್ತಿತ್ತು, ಇವಳಿಗೆ ಆ ಭಾಗ್ಯವೂ ಇರಲಿಲ್ಲ. ತಾಯಿಗೆ ಬರುತ್ತಿದ್ದ ಇಂಗ್ಲಿಷಾದರೋ ಒಂದು ಬೊಗಸೆಯಷ್ಟು. ಆ ಬೊಗಸೆ ಬೆಳಿಗ್ಗೆಯೇ ಖಾಲಿಯಾದ ಮೇಲೆ ಮನೆಯಲ್ಲಿ ದಿನವೆಲ್ಲ ಮೌನ.

ಆ ತಾಯಿ ಹಾಡದವಳಾಗಿದ್ದರೆ ಅಷ್ಟು ನೋವಾಗುತ್ತಿರಲಿಲ್ಲವೇನೋ. ಸಂತ ರೋಸಳ ಹೆಸರಿನ ಲಾ ರೋಸ್ ಎಂಬ ಹಾಡಿನ ಸಂಘದಲ್ಲಿ ಹಾಡು ಕಟ್ಟಿ ಎತ್ತಿಕೊಡುವವಳು ಅವಳೇ. ಒಂದು ಸಾಲು ಅವಳು ಎತ್ತಿದರೆ ಸಂಘದವರೆಲ್ಲ ಅದಕ್ಕೆ ದನಿಗೂಡಿಸಬೇಕು. ಮದುವೆ ಮುರಿದದ್ದು, ದೋಣಿ ಮುಳುಗಿದ್ದು, ಪಾದ್ರಿಗಳ ಹೊಸ ಕಾರು, ಯಾವುದು ಸಿಕ್ಕರೂ ನಿಂತ ನಿಲುವಿನಲ್ಲೇ ಹಾಡಾಗುತ್ತಿತ್ತು. ಎದುರಾಳಿ ಸಂಘದವರೂ ಅವಳ ಸಾಲುಗಳನ್ನು ಗುಟ್ಟಾಗಿ ಗುನುಗುತ್ತಿದ್ದರು. ಸಂಜೆ ತಾಯಿ ಸಂಘದ ಮನೆಗೆ ಹೊರಟಳೆಂದರೆ ಪುಟ್ಟ ಇಸ್ಮೆಲ್ಡಾ ಹಿಂದಿನಿಂದ ಸದ್ದಿಲ್ಲದೆ ಹೋಗಿ ಗೋಡೆಗೆ ಕಿವಿಯಾನಿಸಿ ಕೂರುತ್ತಿದ್ದಳು. ಮನೆಯಲ್ಲಿ ತುಟಿ ಪಿಟಕ್ಕೆನ್ನದ ಅಮ್ಮ ಅಲ್ಲಿ ಮಳೆಗಾಲದ ಹೊಳೆ. ಯಾರಿಗೋ ಹರಿಯುತ್ತಿದ್ದ ಆ ನೀರನ್ನು ಮಗು ಕದ್ದು ಕದ್ದು ಕುಡಿಯಿತು. ಜಪ ಕೇಳಿದ ಹಾಗೆ ಕೇಳಿತು, ಒಂದಕ್ಷರ ಚೆಲ್ಲದಂತೆ.

ಮುಂದೆ ಆ ಹುಡುಗಿ ವಿದ್ಯಾರ್ಥಿವೇತನ ಪಡೆದು ಸಮುದ್ರ ದಾಟಿ, ಭಾಷಾಶಾಸ್ತ್ರ ಓದಿ ಡಾಕ್ಟರಾಗಿ ತಿರುಗಿ ಬಂದಳು. ಬಂದವಳು ಮಾಡಿದ್ದೆಲ್ಲ ಒಂದೇ ಕೆಲಸ. ಆ ಮಾತಿಗೆ ವ್ಯಾಕರಣ ಬರೆದಳು, ನಿಘಂಟು ಕಟ್ಟಿದಳು. ಮಗು ಮನೆಯ ಮಾತಿನಲ್ಲಿ ಓದು ಕಲಿತರೆ ಇಂಗ್ಲಿಷನ್ನೂ ಬೇಗ ಕಲಿಯುತ್ತದೆ ಎಂದು ಕಂಡಕಂಡ ಅಧಿಕಾರಿಗಳ ಬಾಗಿಲು ಬಡಿದಳು. ರೇಡಿಯೋದಲ್ಲಿ ಒಬ್ಬ ಫೋನು ಮಾಡಿ, "ಡಾಕ್ಟರಮ್ಮ, ನಮ್ಮ ಮಕ್ಕಳಿಗೆ ಆಡು ಮೇಯಿಸೋ ಕೆಲಸ ಕೊಡಿಸ್ತೀರಾ ಹೇಗೆ? ಆಡಿಗೆ ಪತ್ವಾ ಚೆನ್ನಾಗಿ ಬರುತ್ತೆ" ಅಂದಾಗ ದ್ವೀಪವೆಲ್ಲ ನಕ್ಕಿತ್ತು. ಅವಳು ಸಹಿಸಿಕೊಂಡಳು. ಕೂದಲು ನೆರೆಯುವ ಹೊತ್ತಿಗೆ ಒಂದೇ ಒಂದು ಶಾಲೆ ಒಪ್ಪಿತು. ಅದು ಅವಳದೇ ಊರಿನ ಶಾಲೆ. ಚಿಕ್ಕ ಮಕ್ಕಳ ತರಗತಿಯೊಂದರಲ್ಲಿ ಕ್ವೆಯೋಲಿನಲ್ಲಿ ಪಾಠ ಶುರುವಾಯಿತು. ಎರಡು ವರ್ಷದ ಪ್ರಯೋಗ ಚೆನ್ನಾಗಿಯೇ ನಡೆದಿತ್ತು. ಈಗ ಅವಧಿ ಮುಗಿದಿತ್ತು. ಹೆತ್ತವರು ಬೇಕೆಂದರೆ ಮುಂದುವರಿಯಲಿ, ಬೇಡವೆಂದರೆ ನಿಲ್ಲಲಿ ಎಂದು ಇಲಾಖೆ ಹೇಳಿತ್ತು. ಭಾನುವಾರ ಚರ್ಚಿನಲ್ಲಿ ಪೂಜೆಯಾದ ಮೇಲೆ ಸಭೆ.

ಊರಿನ ಹೆತ್ತವರು ಯಾರ ಮಾತಿಗೆ ತಲೆಯಾಡಿಸುತ್ತಾರೆ ಎನ್ನುವುದು ಇಸ್ಮೆಲ್ಡಾಳಿಗೆ ಗೊತ್ತಿತ್ತು. ತಟ್ಟೆ ಪಕ್ಕಕ್ಕೆ ಸರಿಸಿ ಕೇಳಿದಳು.

"ಮಮ್ಮಿ, ಭಾನುವಾರ ಸಭೆಗೆ ಬರ್ತೀಯಾ? ನೀನು ಎದ್ದು ಒಂದು ಮಾತು ಹೇಳಿದರೆ ಸಾಕು."

ತಾಯಿ ಬಹಳ ಹೊತ್ತು ಮೇಜಿನ ಬಟ್ಟೆಯ ಸುಕ್ಕು ನೇವರಿಸಿದಳು.

"ನಾನು ಬರುತ್ತೇನೆ. ನಾನು ಮಾತನಾಡುತ್ತೇನೆ," ಅಂದಳು.

ಇಸ್ಮೆಲ್ಡಾಳ ಎದೆ ತುಂಬಿ ಬಂತು. ಈ ದಿನಕ್ಕೇ ತಾನು ಇಷ್ಟು ವರ್ಷ ದುಡಿದದ್ದು ಅನಿಸಿತು. ಊರೆಲ್ಲ ಕೂತಿರುವಾಗ ಅಮ್ಮ ಪತ್ವಾದಲ್ಲಿ, ತನ್ನ ಎದುರಿಗೆ, ತನಗೋಸ್ಕರ ಮಾತಾಡುತ್ತಾಳೆ. ಗೋಡೆಯ ಆಚೆಗಲ್ಲ, ಈಚೆಗೆ.

ಭಾನುವಾರ ಶಾಲೆಯ ಕೋಣೆಯಲ್ಲಿ ಮಕ್ಕಳ ಪುಟ್ಟ ಕುರ್ಚಿಗಳಲ್ಲಿ ದೊಡ್ಡವರು ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತಿದ್ದರು. ಇಲಾಖೆಯ ಅಧಿಕಾರಿ ಟೈ ಸಡಿಲಿಸಿಕೊಂಡು ಬೆವರೊರೆಸುತ್ತಿದ್ದ. ಮುಖ್ಯೋಪಾಧ್ಯಾಯಿನಿ ಟೀಚರ್ ವಿಟಲಿಸ್ ಫಲಿತಾಂಶ ಓದಿದರು. ಪತ್ವಾದಲ್ಲಿ ಕಲಿತ ಮಕ್ಕಳು ಇಂಗ್ಲಿಷ್ ಓದಿನಲ್ಲೂ ಪಕ್ಕದ ತರಗತಿಯವರಿಗಿಂತ ಮುಂದಿದ್ದರು.

"ಅದೆಲ್ಲ ಸರಿ," ಹಿಂದಿನಿಂದ ಒಬ್ಬ ಕೂಗಿದ, "ನಾಳೆ ಹೋಟ್ಲು ಕೆಲಸಕ್ಕೆ ಹೋದ್ರೆ ಟೂರಿಸ್ಟ್‌ಗೆ ಏನಂತ ಹೇಳೋದು? ಪತ್ವಾದಲ್ಲಿ ಟವೆಲ್ ಕೊಡೋದಾ?"

ನೆಸ್ಟೋರ್ ಎದ್ದ. "ಲೋ, ನನ್ನ ದೋಣಿ ಇಂಜಿನ್ನಿಗೆ ಇಂಗ್ಲಿಷ್‌ನಲ್ಲಿ ಎಷ್ಟು ಬೈದ್ರೂ ಸ್ಟಾರ್ಟ್ ಆಗಲ್ಲ. ಪತ್ವಾದಲ್ಲಿ ಒಂದು ಬಿಟ್ರೆ ಸಾಕು, ಗುರ್ ಅನ್ನುತ್ತೆ. ಇಂಗ್ಲಿಷ್ ಕಂಪನಿ ಇಂಜಿನ್ನೇ ಕಲ್ತಿದೆ, ಟೂರಿಸ್ಟ್ ಕಲೀಲಿ ಬಿಡು!"

ನಗು ಎದ್ದಿತು. ನಗು ಇಳಿಯುತ್ತಿದ್ದಂತೆ ಜೆನೆಲ್ ಎದ್ದು ನಿಂತಳು. ಬಾಳೆಹಣ್ಣು ಡಬ್ಬಿಗೆ ತುಂಬುವ ಶೆಡ್ಡಿನಲ್ಲಿ ಕೆಲಸ ಮಾಡುವ ಹೆಣ್ಣುಮಗಳು. ಅವಳ ಮಗಳು ಮೈಲಿನ್ ಆ ತರಗತಿಯಲ್ಲಿದ್ದಳು.

"ನಾನೂ ಇದೇ ಕೋಣೇಲಿ ಕೂತವಳು," ಅಂದಳು. "ಒಂದಕ್ಕೆ ಹೋಗ್ಬೇಕು ಅಂತ ಇಂಗ್ಲಿಷ್‌ನಲ್ಲಿ ಕೇಳೋಕೆ ಬರದೆ ಚಡ್ಡಿ ಒದ್ದೆ ಮಾಡ್ಕೊಂಡು, ಎಲ್ರೂ ನಕ್ಕು, ಆಮೇಲೆ ಬಾಯೇ ಬಿಡ್ಲಿಲ್ಲ. ದಡ್ಡಿ ಅಂತ ಬರೆದು ಕಳಿಸಿದ್ರು. ನನ್ನ ಮೈಲಿನ್ ಹಾಗಲ್ಲ. ದಿನಾ ಮನೆಗೆ ಬಂದು ಪ್ರಶ್ನೆ ಕೇಳಿ ಕೇಳಿ ತಲೆ ತಿಂತಾಳೆ. ಚಂದ್ರ ಯಾಕೆ ನಮ್ಮ ಜೊತೆ ಬರ್ತಾನೆ ಅಂತಾಳೆ. ನಂಗೆ ಗೊತ್ತಿಲ್ಲ ಕಣೇ, ಟೀಚರ್‌ನ ಕೇಳು ಅಂತೀನಿ. ಅವಳು ಕೇಳೇ ಕೇಳ್ತಾಳೆ. ಅಷ್ಟು ಸಾಕು ನಂಗೆ."

ಕೋಣೆ ಒಪ್ಪುವ ಕಡೆಗೆ ವಾಲಿತ್ತು. ಕೂತವರ ಉಸಿರಿನಲ್ಲೇ ಅದು ಗೊತ್ತಾಗುತ್ತಿತ್ತು. ಇಸ್ಮೆಲ್ಡಾಳ ಕಿವಿ ಅಂಥದ್ದರಲ್ಲಿ ಎಂದೂ ತಪ್ಪುತ್ತಿರಲಿಲ್ಲ. ಆಗ ಮಾ ಕ್ಲೆಮಾನ್ಸ್ ಊರುಗೋಲು ಊರಿ ಎದ್ದಳು. ಪೂಜೆಯ ಬಿಳಿ ಉಡುಪಿನಲ್ಲೇ ಇದ್ದಳು. ಅವಳು ಗಂಟಲು ಸರಿಮಾಡಿಕೊಂಡು ಇಂಗ್ಲಿಷಿನಲ್ಲಿ ಶುರು ಮಾಡಿದಳು.

"ಶುಭ ಮಧ್ಯಾಹ್ನ. ನನ್ನ ಇಂಗ್ಲಿಷ್ ಚಿಕ್ಕದು. ನೀವು ಕ್ಷಮಿಸುವುದು."

"ಅಯ್ಯೋ ಮಾ ಕ್ಲೆಮಾನ್ಸ್, ನಮ್ಮ ಮಾತಲ್ಲೇ ಹೇಳು ತಾಯಿ, ನಾವೇ ಅಲ್ವಾ!" ಅಂದ ನೆಸ್ಟೋರ್.

"ನೆಸ್ಟೋರ್, ನೀನು ಮೌನ."

ಯಾರೂ ನಗಲಿಲ್ಲ. ಊರಿಗೇ ಹಾಡು ಕಟ್ಟಿಕೊಟ್ಟವಳು ಊರಿನ ಮುಂದೆ ತೊದಲುತ್ತಿದ್ದಳು. ಹಲವರು ತಲೆ ತಗ್ಗಿಸಿದರು.

"ನಾನು ಗರ್ಭಿಣಿ ಇದ್ದೆ. ನನ್ನ ಗಂಡ ಜ್ವರ. ನಾನು ಸಹಾಯ ಕೇಳಲು ಪಟ್ಟಣ ಕಚೇರಿ ಹೋದೆ. ಮೇಜಿನ ಮನುಷ್ಯ ಹೇಳಿದ, ಹೆಂಗಸೇ, ಹೋಗು, ಮಾತು ಕಲಿತು ಬಾ. ನನ್ನಲ್ಲಿ ಮಾತು ಇತ್ತು. ಬಹಳ ಇತ್ತು. ಆದರೆ ಆ ಮೇಜಿನ ಮೇಲೆ ಅದು ಮಾತು ಅಲ್ಲ. ನಾನು ಮನೆಗೆ ಬಂದೆ. ಗಂಡ ಸತ್ತ."

ಇಸ್ಮೆಲ್ಡಾಳಿಗೆ ತಂದೆ ಜ್ವರದಿಂದ ತೀರಿಕೊಂಡದ್ದು ಮಾತ್ರ ಗೊತ್ತಿತ್ತು. ಮೇಜಿನ ಮನುಷ್ಯನ ಕಥೆ ಅವಳು ಕೇಳುತ್ತಿದ್ದದ್ದು ಇದೇ ಮೊದಲು. ಗೋಡೆಗೆ ಕಿವಿಯಾನಿಸಿ ಕೇಳಿದ ಎಷ್ಟೋ ಹಾಡುಗಳಲ್ಲಿ ಇದೊಂದು ಇರಲೇ ಇಲ್ಲ.

"ಆಗ ನಾನು ಸಂತ ರೋಸಳಿಗೆ ಹರಕೆ ಹೊತ್ತೆ. ತಾಯೇ, ಹುಟ್ಟುವ ಮಗುವಿಗೆ ನಾನು ಈ ಮಾತು ಕೊಡುವುದಿಲ್ಲ. ನೀನು ಅದಕ್ಕೆ ಮೇಜಿನ ಮಾತು ಕೊಡು. ಮಗು ಅಳುತ್ತದೆ, ನನ್ನ ಬಾಯಲ್ಲಿ ಹಾಡು ಬರುತ್ತದೆ, ನಾನು ತುಟಿ ಕಚ್ಚಿದೆ. ಮಗು ನಗುತ್ತದೆ, ನಾನು ತುಟಿ ಕಚ್ಚಿದೆ. ಸಂತ ರೋಸ್ ನನ್ನ ಮಾತು ತೆಗೆದುಕೊಂಡಳು. ಡಾಕ್ಟರ್ ಕೊಟ್ಟಳು. ನೋಡಿ, ಅಲ್ಲಿ ಕುಳಿತಿದ್ದಾಳೆ."

ಊರುಗೋಲಿನ ತುದಿ ಮಗಳನ್ನು ತೋರಿಸಿತು.

"ಈಗ ನನ್ನ ಮಗಳು ಹೇಳುತ್ತಾಳೆ, ಮಗುವಿಗೆ ಆ ಮಾತು ಕೊಟ್ಟರೆ ಒಳ್ಳೆಯದು ಎಂದು. ಅದು ನಿಜ ಇದ್ದರೆ ನಾನು ನನ್ನ ಮಗುವಿಗೆ ಏನು ಮಾಡಿದೆ? ಯಾಕೆ ಮಾಡಿದೆ? ನಾನು ತಪ್ಪು ಮಾಡಿದೆ ಎಂದು ಹೇಳುವವರು ಎದ್ದು ನಿಂತು ಹೇಳಲಿ. ನಾನು ಕೇಳುತ್ತೇನೆ."

ಟೀಚರ್ ವಿಟಲಿಸ್ ಮೆಲ್ಲನೆ, "ಡಾಕ್ಟರ್?" ಅಂದರು.

ಇಸ್ಮೆಲ್ಡಾ ಎದ್ದಳು. ತಾಯಿ ಕೇಳಿದ ಪ್ರಶ್ನೆಗೆ ಉತ್ತರ ಅವಳ ಬಳಿ ಇತ್ತು. ಅವಳ ಬದುಕೆಲ್ಲ ಆ ಒಂದು ಉತ್ತರವೇ ಆಗಿತ್ತು. ಒಂದು ಮಾತು ಕೊಟ್ಟರೆ ಇನ್ನೊಂದು ಹೋಗುವುದಿಲ್ಲ ಮಮ್ಮಿ. ನೀನು ಹಾಡಿದ್ದರೂ ನಾನು ಡಾಕ್ಟರಾಗುತ್ತಿದ್ದೆ. ಬಹುಶಃ ಇನ್ನೂ ಬೇಗ. ಈ ಮೂರು ವಾಕ್ಯ ಹೇಳಿದರೆ ಕೋಣೆ ಅವಳ ಕಡೆ ಬರುತ್ತಿತ್ತು. ಎದುರಿಗೆ ಜೆನೆಲ್ ಅವಳನ್ನೇ ನೋಡುತ್ತ ಕೂತಿದ್ದಳು. ಆಚೆ ಬದಿಯಲ್ಲಿ ಬಿಳಿ ಉಡುಪಿನ ಮುದುಕಿ ಬೆನ್ನು ನೆಟ್ಟಗೆ ಮಾಡಿ, ಏಟಿಗೆ ಸಿದ್ಧಳಾದವಳ ಹಾಗೆ ನಿಂತಿದ್ದಳು.

"ತಪ್ಪಲ್ಲ ಮಮ್ಮಿ," ಅಂದಳು ಇಸ್ಮೆಲ್ಡಾ, ಇಂಗ್ಲಿಷಿನಲ್ಲಿ. "ನೀನು ತಪ್ಪು ಮಾಡಲಿಲ್ಲ."

ಅಧಿಕಾರಿ ತಲೆಯೆತ್ತಿದ. "ಇನ್ನೇನಾದರೂ ಹೇಳುವುದಿದೆಯೇ ಮೇಡಂ?"

"ಇಲ್ಲ."

ಬೇಡ ಎನ್ನುವವರು ಕೈ ಎತ್ತಿ ಎಂದು ಅಧಿಕಾರಿ ಹೇಳಿದಾಗ ಒಂದೊಂದಾಗಿ ಕೈಗಳು ಮೇಲೇರಿದವು. ಕೊನೆಗೆ ನೆಸ್ಟೋರನದೂ. ಅವನು ಇಸ್ಮೆಲ್ಡಾಳ ಮುಖ ನೋಡಲಾಗದೆ ಎತ್ತಿದ ಕೈಯನ್ನೇ ನೋಡುತ್ತಿದ್ದ.

ಮೆಟ್ಟಿಲ ಬಳಿ ಜೆನೆಲ್ ಕಾಯುತ್ತಿದ್ದಳು.

"ಡಾಕ್ಟರಮ್ಮ, ಒಂದು ಮಾತು ಹೇಳ್ಲಾ? ಬೇಜಾರು ಮಾಡ್ಕೋಬೇಡಿ."

"ಹೇಳು ಜೆನೆಲ್." ಇದನ್ನು ಇಸ್ಮೆಲ್ಡಾ ಪತ್ವಾದಲ್ಲೇ ಅಂದಳು.

"ನಿಮ್ಮಮ್ಮನ ಮನಸ್ಸು ಉಳಿಸಿದ್ರಿ. ಪುಣ್ಯ ಬರಲಿ ನಿಮಗೆ. ನಾನಾಗಿದ್ರೂ ಅಷ್ಟೇ ಮಾಡ್ತಿದ್ದೆನೇನೋ. ಆದ್ರೆ ನನ್ನ ಮಗಳ ಬಾಯಿ ಇನ್ಯಾರು ಉಳಿಸ್ತಾರೆ? ಸೆಪ್ಟೆಂಬರಿಂದ ಅವಳೂ ನನ್ನ ಹಾಗೆ ಕೂರೋದಾ? ನಿಮ್ಮಮ್ಮಂಗೆ ಉತ್ರ ಕೊಟ್ರಿ. ಮೈಲಿನ್ ಚಂದ್ರನ ವಿಷ್ಯ ಕೇಳಿದ್ರೆ ನಾನೇನ್ ಉತ್ರ ಕೊಡ್ಲಿ?"

ಇಸ್ಮೆಲ್ಡಾ ಅವಳ ಕೈ ಹಿಡಿಯಲು ಹೋದಳು. ಜೆನೆಲ್ ಒರಟಾಗೇನೂ ಅಲ್ಲ, ಆದರೂ ಕೈ ಬಿಡಿಸಿಕೊಂಡು ಹೊರಟುಹೋದಳು.

ಮನೆಗೆ ಹೋಗುವ ಏರಿನಲ್ಲಿ ತಾಯಿ ಮಗಳ ತೋಳು ಹಿಡಿದು ಹಗುರವಾಗಿ ನಡೆದಳು. ಮನೆ ಸೇರಿ, ಕೋಕೋ ಚಹಾ ಕಾಸಿ, ಬಟ್ಟಲು ಮಗಳ ಮುಂದಿಟ್ಟು, ನಾಚಿಕೊಂಡು ಕೇಳಿದಳು:

"ನಾನು ಚೆನ್ನಾಗಿ ಮಾತನಾಡಿದೆನೇ? ನಾನು ಅಭ್ಯಾಸ ಮಾಡಿದೆ. ಕೋಳಿಗಳ ಮುಂದೆ."

"ತುಂಬ ಚೆನ್ನಾಗಿ ಮಾತನಾಡಿದೆ ಮಮ್ಮಿ."

"ನಿನಗೆ ನಾಚಿಕೆ ಆಗಲಿಲ್ಲ?"

"ಇಲ್ಲ ಮಮ್ಮಿ."

ಮುದುಕಿ ತಲೆಯಾಡಿಸಿದಳು. ಅವಳ ಬಳಿ ಅವತ್ತಿನ ಇಂಗ್ಲಿಷ್ ಮುಗಿದಿತ್ತು. ಇಬ್ಬರೂ ಚಹಾ ಕುಡಿದರು.

ಜುಲೈ ಕಳೆಯಿತು. ತರಗತಿಯ ಓದಿನ ಪುಸ್ತಕಗಳನ್ನು ಟೀಚರ್ ವಿಟಲಿಸ್ ಬಾಳೆಹಣ್ಣಿನ ಡಬ್ಬಿಗಳಲ್ಲಿ ತುಂಬಿಸಿ ಉಗ್ರಾಣದಲ್ಲಿಡಿಸಿದರು. ಇಸ್ಮೆಲ್ಡಾ ಆ ಪ್ರಯೋಗ ನೋಡಿಕೊಳ್ಳುವ ಕೆಲಸಕ್ಕೆ ರಾಜೀನಾಮೆ ಕೊಟ್ಟಳು. ಗೆಳೆಯರು ಫೋನು ಮಾಡಿ, ಬೇರೆ ಊರು ನೋಡೋಣ, ಬೇರೆ ಶಾಲೆ ಒಪ್ಪಬಹುದು ಅಂದರು. ನೋಡೋಣ ಅಂದಳು. ಸ್ವಂತ ತಾಯಿಯೇ ಬೇಡ ಅಂದದ್ದು ಅಷ್ಟರಲ್ಲಿ ದ್ವೀಪದ ಎಲ್ಲ ಊರಿಗೂ ಮುಟ್ಟಿತ್ತು.

ಆಗಸ್ಟ್ ಕೊನೆಗೆ ಸಂತ ರೋಸಳ ಹಬ್ಬ ಬಂತು. ಪೂಜೆ ಮುಗಿದು, ಪಿಟೀಲು ಡೋಲುಗಳ ಜೊತೆ ಮೆರವಣಿಗೆ ಸುತ್ತಿ, ನೆತ್ತಿಯ ಮೇಲೆ ಸೂರ್ಯ ಇರುವಾಗಲೇ ಎಲ್ಲರೂ ಸಂಘದ ಮನೆಗೆ ಬಂದರು. ಹಬ್ಬಕ್ಕೆಂದು ಆರಿಸಿದ ಸಂಘದ ರಾಜ, ರಾಣಿ ಕಾಗದದ ಕಿರೀಟದಲ್ಲಿ ವೇದಿಕೆ ಹತ್ತಿದರು. ಇಸ್ಮೆಲ್ಡಾ ಹೊರಗೆ ಸ್ವಲ್ಪ ಹೊತ್ತು ನಿಂತಳು. ಇನ್ನು ಉಳಿಸಿಕೊಳ್ಳಬೇಕಾದದ್ದೇನೂ ತನ್ನ ಬಳಿ ಇಲ್ಲ ಅನ್ನಿಸಿ, ಹುಟ್ಟಿದ ಮೇಲೆ ಮೊದಲ ಸಲ ಆ ಮನೆಯ ಬಾಗಿಲು ದಾಟಿದಳು. ದನಿಗೂಡಿಸುವ ಹೆಂಗಸರ ಸಾಲಿನ ಕೊನೆಯಲ್ಲಿ ಬೆಂಚಿನ ಮೇಲೆ ಒಂದಿಷ್ಟು ಜಾಗವಿತ್ತು. ಪಕ್ಕದಲ್ಲಿದ್ದವಳು ಜೆನೆಲ್. ಅವಳು ನೋಡಿ, ಸ್ವಲ್ಪ ಸರಿದು ಕೂತಳು. ಇಸ್ಮೆಲ್ಡಾ ಕೂತಳು.

ಮಾ ಕ್ಲೆಮಾನ್ಸ್ ಹಾಡು ಎತ್ತಿದ್ದಳು. ಹೆಂಗಸರು ದನಿಗೂಡಿಸಿದರು. ಇಸ್ಮೆಲ್ಡಾಳ ಬಾಯಿ ತೆರೆಯಿತು. ದನಿ ಇನ್ನೇನು ಹೊರಡಬೇಕು, ಅಷ್ಟರಲ್ಲಿ ತಾಯಿ ಅವಳನ್ನು ಕಂಡಳು. ಹಾಡು ಸಾಲಿನ ನಡುವೆಯೇ ನಿಂತಿತು. ಪಿಟೀಲೂ ನಿಂತಿತು.

"ಸ್ನೇಹಿತರೇ," ಅಂದಳು ಮಾ ಕ್ಲೆಮಾನ್ಸ್, ಇಂಗ್ಲಿಷಿನಲ್ಲಿ, ಮುಖವೆಲ್ಲ ಬೆಳಗುತ್ತ. "ನನ್ನ ಮಗಳು ಬಂದಿದ್ದಾಳೆ. ಡಾಕ್ಟರ್‌ಗೆ ಒಂದು ಕುರ್ಚಿ. ಬೆಂಚು ಅಲ್ಲ. ಕುರ್ಚಿ."

ನೆಸ್ಟೋರ್ ಓಡಿ ಹೋಗಿ ಕೈಯಿರುವ ಕುರ್ಚಿ ತಂದು, ತೋಳಿನಿಂದ ಧೂಳು ಒರೆಸಿ, ರಾಣಿಯ ಪಕ್ಕದಲ್ಲಿ ಜನರಿಗೆ ಎದುರಾಗಿ ಇಟ್ಟ. "ಬನ್ನಿ ಡಾಕ್ಟರಮ್ಮ, ಬನ್ನಿ, ಮೇಲೆ ಬನ್ನಿ." ಎಲ್ಲರೂ ದಾರಿ ಬಿಟ್ಟರು. ಇಸ್ಮೆಲ್ಡಾ ಬೆಂಚಿನಿಂದ ಎದ್ದು ನಡೆದು ಹೋಗಿ ಕುರ್ಚಿಯಲ್ಲಿ ಕೂತಳು. ಯಾರೋ ತಣ್ಣನೆಯ ಪಾನಕ ತಂದು ಕೈಗಿಟ್ಟು ಇಂಗ್ಲಿಷಿನಲ್ಲಿ, "ತೆಗೆದುಕೊಳ್ಳಿ ಮೇಡಂ" ಅಂದರು.

ಆಮೇಲೆ ಮಾ ಕ್ಲೆಮಾನ್ಸ್ ಹೊಸ ಹಾಡೊಂದು ಎತ್ತಿದಳು. ಪತ್ವಾದಲ್ಲಿ, ನಿಂತ ನಿಲುವಿನಲ್ಲೇ, ಮಗಳ ಮುಖ ನೋಡುತ್ತ.

ಓ ರೋಸ್, ನನಗೊಂದೇ ಒಂದು ಮೊಗ್ಗು
ಮಣ್ಣು ಸೋಕದ ಹಾಗೆ ಎತ್ತಿ ಹಿಡಿದೆ
ತೋಳು ಸೋತರೂ ನಾನು ಇಳಿಸಲಿಲ್ಲ
ಮಣ್ಣು ಸೋಕದ ಹಾಗೆ ಎತ್ತಿ ಹಿಡಿದೆ

ಅಂಥ ಹಾಡು ಅವಳು ಅದುವರೆಗೆ ಕಟ್ಟಿರಲಿಲ್ಲ. ವಯಸ್ಸಾದ ದನಿ ಎಲ್ಲಿ ಒಡೆಯಬೇಕೋ ಅಲ್ಲೇ ಒಡೆದು, ಎಲ್ಲಿ ಕೂಡಬೇಕೋ ಅಲ್ಲೇ ಕೂಡುತ್ತಿತ್ತು. ಶಬ್ದಕ್ಕೆ ಶಬ್ದ ಎಲ್ಲಿ ಅಂಟಿಕೊಂಡಿದೆ, ಉಸಿರು ಎಲ್ಲಿ ಮಡಚಿಕೊಂಡಿದೆ ಎನ್ನುವುದು ಆ ಮನೆಯಲ್ಲಿ ಇಸ್ಮೆಲ್ಡಾಳಿಗೆ ತಿಳಿದಷ್ಟು ಯಾರಿಗೂ ತಿಳಿಯುತ್ತಿರಲಿಲ್ಲ. ಹೆಂಗಸರ ಸಾಲು ದನಿಗೂಡಿಸಿತು. ಜೆನೆಲ್ ಕೂಡ ಕಣ್ಣು ಮುಚ್ಚಿಕೊಂಡು ಹಾಡಿದಳು: ಮಣ್ಣು ಸೋಕದ ಹಾಗೆ, ಮಣ್ಣು ಸೋಕದ ಹಾಗೆ.

ಯಾರನ್ನು ಕುರಿತು ಹಾಡುತ್ತಾರೋ ಅವರು ಜೊತೆಗೆ ಹಾಡುವ ಪದ್ಧತಿ ಸಂಘದಲ್ಲಿಲ್ಲ. ಅವರು ಕೂತು ಕೇಳಬೇಕು. ಇಸ್ಮೆಲ್ಡಾ ಪಾನಕದ ಲೋಟ ಎರಡೂ ಕೈಯಲ್ಲಿ ಹಿಡಿದು, ತುಟಿ ಮುಚ್ಚಿ, ಅತಿಥಿಯ ಹಾಗೆ ಕೂತು ಕೇಳಿದಳು. ಪ್ರತಿ ಸುತ್ತಿಗೂ ತಾಯಿ ಒಂದೊಂದು ಹೆಜ್ಜೆ ಹತ್ತಿರ ಬಂದು, ಇನ್ನಷ್ಟು ಗಟ್ಟಿಯಾಗಿ, ಇನ್ನಷ್ಟು ಹೆಮ್ಮೆಯಿಂದ ಹಾಡುತ್ತಿದ್ದಳು, ಮಗಳದು ಬರೀ ಪುಸ್ತಕದ ಮಾತು, ಈ ಹಾಡಿನ ಒಳಗು ಅವಳಿಗೆ ತಿಳಿಯದೆಂಬ ಧೈರ್ಯದಲ್ಲಿ.